ಹಿತ್ತಾಳೆ ಫಲಕದ ಮೀನು

ಕಾಣುವ ಕಣ್ಣಿನ ಹಿಂದೆ ಕುಳಿತು ಆ ಕಣ್ಣನ್ನೇ ಕಾಣುತ್ತಿರುವ, ಆಡುವ ನಾಲಿಗೆಯ ಹಿಂದೆ ನಿಂತು ಆಡದೆ ಉಳಿದ ಮಾತನ್ನೂ ಆಲಿಸುತ್ತಿರುವ ಸರ್ವಸಾಕ್ಷಿಗೆ ಮೊದಲ ವಂದನೆ. ಬುದ್ಧಿ ಮಸುಕಾದಾಗ ಆತ ಬೆಳಕಾಗಲಿ. ಬುದ್ಧಿ ತನ್ನ ಬೆಳಕಿಗೆ ತಾನೇ ಕುರುಡಾದಾಗ ತಂಪಾದ ನೆರಳೂ ಆತನೇ ಆಗಲಿ. ಆ ನೆನಪನ್ನು ಮುಂದಿಟ್ಟುಕೊಂಡು ಈ ಕಥೆಯನ್ನು ಹೇಳತೊಡಗುತ್ತೇನೆ.

ಊರಿನ ಅಂಚಿನಲ್ಲಿ ಒಂದು ಹಳೆಯ ರೈಲು ನಿಲ್ದಾಣವಿತ್ತು. ಆ ಕವಲುದಾರಿಯಲ್ಲಿ ಗಾಡಿಗಳ ಓಡಾಟ ನಿಂತಮೇಲೆ ಹಳಿಗಳನ್ನು ಕಿತ್ತೊಯ್ದರು. ಕಟ್ಟಡವನ್ನು ಕೆಡವುವುದಕ್ಕೆ ಯಾರಿಗೂ ಪುರಸೊತ್ತಾಗಲಿಲ್ಲ. ನಿವೃತ್ತರಾದ ಗಾರ್ಡ್ ಒಬ್ಬರು ಅದರ ಬೀಗ ತೆಗೆಸಿ, ಗುಬ್ಬಿಗೂಡುಗಳನ್ನು ಬಿಡಿಸಿ, ರೈಲಿನ ಚರಿತ್ರೆಯ ಪುಟ್ಟ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದರು. ಜನ ಅವರನ್ನು ಗಾರ್ಡ್ ಸಾಹೇಬರೆಂದೇ ಕರೆಯುತ್ತಿದ್ದರು. ಅವರಿಗೆ ಯಾವ ದೇಣಿಗೆಯನ್ನೂ ಬೇಡವೆನ್ನಲು ಬಾಯಿ ಬರುತ್ತಿರಲಿಲ್ಲ. ಹೀಗಾಗಿ ನಿರೀಕ್ಷಣಾ ಕೊಠಡಿಯಲ್ಲಿ ಸಿಗ್ನಲ್ ದೀಪಗಳೂ ಹಸಿರು ಕೆಂಪು ಬಾವುಟಗಳೂ ಇದ್ದಂತೆ, ಯಾರದೋ ತಾತ ರೈಲಿನಲ್ಲಿ ಒಮ್ಮೆ ಮರೆತುಬಂದು ಮತ್ತೆ ಸಿಕ್ಕಿದ ಕೊಡೆಯೂ ಗಾಜಿನ ಪೆಟ್ಟಿಗೆಯೊಳಗೆ ಗಂಭೀರವಾಗಿ ಮಲಗಿತ್ತು.

ಶನಿವಾರ ಸ್ವಯಂಸೇವಕರ ದಿನ. ಅಂದು ಹಿತ್ತಾಳೆಯನ್ನು ಉಜ್ಜಬೇಕೆಂಬುದು ಗಾರ್ಡ್ ಸಾಹೇಬರ ಕಟ್ಟಳೆ. ನುಣುಪಾದ ಇಟ್ಟಿಗೆಪುಡಿ, ನಿಂಬೆಯ ಹೋಳು, ಹಳೆಯ ಬನಿಯನ್ನಿನ ತುಂಡು ಇವೇ ಸಾಧನಗಳು. ಉಜ್ಜಿ ಮುಗಿದಮೇಲೆ ಅವರು ಬಿಳಿಯ ಕರವಸ್ತ್ರವನ್ನು ಬೆರಳಿಗೆ ಸುತ್ತಿಕೊಂಡು ಬರುತ್ತಿದ್ದರು. ಮೇಲಧಿಕಾರಿಗಳ ತಪಾಸಣೆಗೆ ನಲುಗಿದ ಸೇವಾವಧಿಯೆಲ್ಲ ಆ ಒಂದು ಬೆರಳಿನ ತುದಿಗೆ ಬಂದು ನಿಲ್ಲುತ್ತಿತ್ತು.

"ಮುಖ ಕಂಡ್ರೆ ಸಾಲದು ಅಕ್ಕ, ಮುಖದ ಸುಕ್ಕು ಕಾಣ್ಬೇಕು" ಎನ್ನುತ್ತಿದ್ದರು.

"ನನ್ನ ಸುಕ್ಕು ನೋಡೋಕೆ ನನಗೇನು ಅಷ್ಟು ಅವಸರ ಇಲ್ಲ" ಎಂದು ಟಿಕೆಟಕ್ಕ ಮತ್ತೊಂದು ಚಿಟಿಕೆ ಇಟ್ಟಿಗೆಪುಡಿಯನ್ನು ತೆಗೆದುಕೊಳ್ಳುತ್ತಿದ್ದಳು.

ಈ ಟಿಕೆಟಕ್ಕನೆಂದರೆ ಅದೇ ನಿಲ್ದಾಣದ ಕಿಟಕಿಯಲ್ಲಿ ಕುಳಿತು ಟಿಕೆಟ್ ಹರಿದುಕೊಡುತ್ತಿದ್ದವಳು. ಈಗ ಸಂಗ್ರಹಾಲಯದ ಕೀಲಿಕೈಗಳು ಅವಳ ಸೊಂಟದಲ್ಲಿದ್ದವು. ಎಲ್ಲಕ್ಕಿಂತ ಹೆಚ್ಚು ಅವಳು ಪ್ರೀತಿಯಿಂದ ಉಜ್ಜುತ್ತಿದ್ದುದು ಗೋಡೆಯ ನಡುವೆ ಮರದ ಚೌಕಟ್ಟಿನಲ್ಲಿ ಹೊಳೆಯುತ್ತಿದ್ದ ಎಂಜಿನ್ ಫಲಕವನ್ನು. ಆ ದಾರಿಯ ಕೊನೆಯ ಉಗಿ ಎಂಜಿನ್ನಿನ ಹಣೆಯಲ್ಲಿದ್ದ ಹಿತ್ತಾಳೆಯ ಅಂಕಿ ಫಲಕ ಅದು. ಎಂಜಿನ್ನನ್ನು ಕೈಬಿಟ್ಟ ದಿನ ಅದರ ಡ್ರೈವರಿಗೆ ನೆನಪಿನ ಕಾಣಿಕೆಯಾಗಿ ಬಂದಿತ್ತು. ಆತ ತೀರಿಕೊಂಡಮೇಲೆ ಆತನ ಮಗಳು, ಬೇರೊಂದು ನಗರದಲ್ಲಿ ದಂತವೈದ್ಯೆಯಾಗಿದ್ದವರು, ಅದನ್ನು ಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟಿದ್ದರು. ಮುಂದೆ ಬಹುಕಾಲ ಅವರಿಗೆ ಬರಲಾಗಲಿಲ್ಲವಾದರೂ ದೇಣಿಗೆ ತಪ್ಪದೆ ಬರುತ್ತಿತ್ತು. ಈ ಸಲ ಸೋರುತ್ತಿದ್ದ ಹೆಂಚಿನ ಮಾಡನ್ನು ಪೂರ್ತಿ ಹೊಸದಾಗಿ ಹಾಕಿಸಿಕೊಡುತ್ತೇನೆಂದು ಒಪ್ಪಿ, ನೋಡಿಹೋಗಲು ತಾವೇ ಬಂದರು.

ಬಂದವರು ಮಾಡನ್ನು ನೋಡುವ ಮೊದಲು ಫಲಕದ ಮುಂದೆ ನಿಂತರು. ಕೆಳಗಿನ ಬಲಮೂಲೆಯ ಮೇಲೆ ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು. ಕನ್ನಡಕ ತೆಗೆದು, ಮೂಗು ತಾಗುವಷ್ಟು ಹತ್ತಿರ ಬಾಗಿದರು.

"ಇಲ್ಲೊಂದು ಮೀನಿತ್ತು" ಎಂದರು.

"ಮೀನಾ?" ಎಂದರು ಗಾರ್ಡ್ ಸಾಹೇಬರು.

"ನಾನು ಚಿಕ್ಕವಳಿದ್ದಾಗ ಎಲ್ಲಿ ನೋಡಿದ್ರೂ ಮೀನು ಬರೀತಿದ್ದೆ. ನಿನ್ನ ಮೀನು ನನ್ನ ಗಾಡಿ ಮೇಲೂ ಬರ್ಲಿ ಅಂತ ಅಪ್ಪ ಮೊಳೆಯಿಂದ ಚುಕ್ಕಿ ಚುಕ್ಕಿ ಇಟ್ಟು ಒಂದು ಮೀನು ಬಿಡಿಸಿದ್ರು. ಮೇಲಿನವರು ಬೈತಾರೆ ಅಂತ ಮೂಲೆಯಲ್ಲಿ, ಸಣ್ಣದಾಗಿ." ಅವರು ಫಲಕದಿಂದ ಕೈ ತೆಗೆದರು. "ಇದರಲ್ಲಿ ಅದಿಲ್ಲ. ಅಂಕಿಗಳೂ ಇಷ್ಟು ತೆಳ್ಳಗಿರ್ಲಿಲ್ಲ. ಇದು ಅಪ್ಪನ ಫಲಕ ಅಲ್ಲ."

ಮೀನನ್ನು ಟಿಕೆಟಕ್ಕ ಬಲ್ಲಳು. ಮೊದಮೊದಲು ಅದರ ಚುಕ್ಕಿಗಳಲ್ಲಿ ಇಟ್ಟಿಗೆಪುಡಿ ಸಿಕ್ಕಿಕೊಳ್ಳುತ್ತಿತ್ತೆಂಬುದೂ, ಅದನ್ನು ತೆಗೆಯಲು ತಾನು ಒತ್ತಿ ಉಜ್ಜಬೇಕಾಗುತ್ತಿತ್ತೆಂಬುದೂ ನೆನಪಿತ್ತು. ಆದರೆ ಅದು ಕಾಣದಾದುದು ಯಾವಾಗ? ವಾರವಾರವೂ ನೋಡಿದ ಕಣ್ಣಿಗೆ ಅದು ತಿಳಿದಿರಲಿಲ್ಲ.

"ಯಾರ ಮೇಲೂ ನಾನು ಈಗ್ಲೇ ಏನೂ ಹೇಳಲ್ಲ" ಎಂದರು ವೈದ್ಯೆ. "ಶನಿವಾರದ ತನಕ ಇಲ್ಲೇ ನೆಂಟರ ಮನೇಲಿರ್ತೀನಿ. ಅಸಲಿ ಫಲಕ ಎಲ್ಲಿ ಹೋಯ್ತು ಅಂತ ನೀವೇ ವಿಚಾರಿಸಿ. ಇಲ್ಲಾಂದ್ರೆ ಪೊಲೀಸರನ್ನ ಕೇಳ್ಬೇಕಾಗುತ್ತೆ. ಮಾಡಿನ ಮಾತು ಆಮೇಲೆ."

ಫಲಕ ಆ ಗೋಡೆಯನ್ನು ಬಿಟ್ಟು ಹೊರಗೆ ಹೋದದ್ದು ಒಂದೇ ಸಲ. ಕೆಲವು ವರ್ಷಗಳ ಹಿಂದೆ ಅದಕ್ಕೆ ಮರದ ಚೌಕಟ್ಟು ಹಾಕಿಸುವಾಗ ಗುಜರಿ ಅಂಗಡಿಯ ಯಜಮಾನರು ಅದನ್ನು ಗೋಣಿಚೀಲದಲ್ಲಿ ಸುತ್ತಿ ತಮ್ಮ ಅಂಗಡಿಗೆ ಒಯ್ದಿದ್ದರು. ಅವರೂ ಶನಿವಾರದ ಸ್ವಯಂಸೇವಕರೇ. ಆದರೆ ರೈಲಿಗೂ ಅವರಿಗೂ ಸಂಬಂಧವಿರಲಿಲ್ಲ, ಸಂಬಂಧವಿದ್ದುದು ಟಿಕೆಟಕ್ಕನೊಡನೆ. ಅವಳ ಒಬ್ಬಳೇ ಮಗಳನ್ನು ಕೊಟ್ಟಿದ್ದುದು ಅವರ ಮಗನಿಗೆ. ಅವರು ಅವಳ ಬೀಗರು.

ಸಂಶಯವೆಂಬುದು ಮನೆಗೆ ಬರುವ ಅತಿಥಿಯಂತಲ್ಲ. ಬಾಗಿಲು ತಟ್ಟಿ ಕೇಳುವುದಿಲ್ಲ. ಬಂದಮೇಲೆ ತಾನೇ ಯಜಮಾನನಂತೆ ಮನೆಯ ಸಾಮಾನುಗಳನ್ನೆಲ್ಲ ಬೇರೆ ಜಾಗಕ್ಕೆ ಸರಿಸಿಡುತ್ತದೆ. ನಿನ್ನೆಯವರೆಗೆ ಸಹಜವಾಗಿ ಕಂಡದ್ದೆಲ್ಲ ಟಿಕೆಟಕ್ಕನಿಗೆ ಈಗ ಬೇರೆ ಮಗ್ಗುಲಿಗೆ ಹೊರಳಿ ಕಂಡಿತು. ಬೀಗರು ಯಾವಾಗಲೂ ಹಿಂಬಾಗಿಲಿನಿಂದ ಬರುತ್ತಾರೆ, ಅದು ಏಕೆ? ಹೆಗಲಲ್ಲಿ ಚೀಲವಿರುತ್ತದೆ, ಅದರಲ್ಲೇನು? ಯಾವ ಲೋಹ ಕಂಡರೂ ಬೆರಳ ಗೆಣ್ಣಿನಿಂದ ತಟ್ಟಿ ನಾದ ಕೇಳುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಬಂದ ಮೊದಲ ಶನಿವಾರವೇ ಅವರು ಹೇಳಿದ್ದ ಮಾತು: "ಹಿತ್ತಾಳೆ ಕೆಲಸ ನನಗೆ ಬೇಡ. ಮರ, ಬಣ್ಣ, ಕಸ, ಏನು ಬೇಕಾದ್ರೂ ಕೊಡಿ." ಹುಟ್ಟಿದಾಗಿನಿಂದ ಹಿತ್ತಾಳೆಯಲ್ಲಿ ಬದುಕಿದ ಮನುಷ್ಯ ಹಿತ್ತಾಳೆಯನ್ನು ಮುಟ್ಟಲೊಲ್ಲೆನೆಂದರೆ ಅದಕ್ಕೆ ಕಾರಣವಿರಬೇಡವೇ? ಒಂದು ಕಾಸೂ ಬರದ ಕೆಲಸಕ್ಕೆ ವ್ಯಾಪಾರಿಯೊಬ್ಬ ವಾರವಾರವೂ ಬರುವುದೇ ವಿಚಿತ್ರವಲ್ಲವೇ?

ಮರುದಿನ ಮಗಳಿಗೆ ಫೋನು ಮಾಡಿದಳು.

"ಮಾವ ಹೇಗಿದ್ದಾರೆ?"

"ಚೆನ್ನಾಗಿದ್ದಾರಮ್ಮ. ಶನಿವಾರ ಯಾವಾಗ ಬರುತ್ತೋ ಅಂತ ಕಾಯ್ತಿದ್ದಾರೆ. ಅವತ್ತು ಗಡ್ಡ ಕೆರ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು, ಹೆಣ್ಣು ನೋಡೋಕೆ ಹೊರಟವರ ಹಾಗೆ ಹೊರಡ್ತಾರೆ. ಅತ್ತೆ ದಿನಾ ರೇಗಿಸ್ತಾರೆ."

"ಮನೆಗೆ ಹೊಸದು ಏನಾದ್ರೂ ತಂದ್ರಾ ಈಚೆಗೆ?"

"ಒಂದು ಫ್ಯಾನ್ ತಂದ್ರು. ಯಾಕಮ್ಮಾ?"

"ಏನಿಲ್ಲ. ಸೆಖೆ ಅಲ್ವಾ, ಕೇಳ್ದೆ."

ಫೋನಿಟ್ಟಮೇಲೆ ಆ ಫ್ಯಾನು ಬಹಳ ಹೊತ್ತು ಅವಳ ತಲೆಯೊಳಗೇ ತಿರುಗಿತು.

ಆ ವಾರ ಹಲಗೆಗಳಿಗೆ ಬಣ್ಣ ಬಳಿಯಲು ಬೀಗರು ಬುಧವಾರವೇ ಬರುವವರಿದ್ದರು. ಟಿಕೆಟಕ್ಕ ಒಂದು ಉಪಾಯ ಮಾಡಿದಳು. ಗಾರ್ಡಿನ ಹಿತ್ತಾಳೆ ಸೀಟಿಯೊಂದನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು, ಯಾರೋ ಮರೆತು ಬಿಟ್ಟರೆಂಬಂತೆ ಬಣ್ಣದ ಡಬ್ಬಿಗಳ ಪಕ್ಕದ ಕಿಟಕಿಯಲ್ಲಿಟ್ಟು, ತಾನು ಟಿಕೆಟ್ ಕೋಣೆಯ ಕಿಂಡಿಯ ಹಿಂದೆ ಕುಳಿತಳು. ಎಷ್ಟೋ ಸಾವಿರ ಮುಖಗಳನ್ನು ಅವಳು ನೋಡಿದ್ದ ಕಿಂಡಿ ಅದು. ಟಿಕೆಟ್ಟಿಲ್ಲದೆ ಹೋಗುವವನ ಕತ್ತು ಹೇಗೆ ತಿರುಗುತ್ತದೆಂಬುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬೀಗರು ಬಂದರು. ಬಣ್ಣ ಕಲಸಿದರು. ಕಿಟಕಿಯತ್ತ ನೋಡಿದರು, ಸೀಟಿಯನ್ನು ಕಂಡರು. ಆ ಕಡೆ ಈ ಕಡೆ ನೋಡಿ, ಬಣ್ಣದ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಎತ್ತಿಕೊಂಡು ಕೋಣೆಯ ಇನ್ನೊಂದು ತುದಿಗೆ ಹೋದರು. ಸಂಜೆಯವರೆಗೆ ಆ ಕಿಟಕಿಯ ಬಳಿ ಸುಳಿಯಲಿಲ್ಲ.

ತೆಗೆದುಕೊಂಡಿದ್ದರೆ ಕಳ್ಳನೆಂದು ತಿಳಿಯುತ್ತಿತ್ತು. ತೆಗೆದುಕೊಳ್ಳದೆ ಹೋದದ್ದರಿಂದ ಅವಳಿಗೆ ಬಹಳ ಜಾಣನಾದ ಕಳ್ಳನೆಂದು ತಿಳಿಯಿತು. ಸಂಶಯದ ತರ್ಕಕ್ಕೆ ಯಾವ ದಾರಿಯಲ್ಲಿ ಹೋದರೂ ನಿಲ್ದಾಣ ಒಂದೇ.

ಹಾಗಿದ್ದೂ ಅವಳು ಯಾರೊಡನೆಯೂ ಬಾಯಿ ಬಿಡಲಿಲ್ಲ. ಬಿಟ್ಟರೆ ಏನಾದೀತೆಂಬುದು ಗೊತ್ತಿತ್ತು. ತವರಿನವರು ಮಾವನನ್ನು ಕಳ್ಳನೆಂದರೆಂಬ ಮಾತು ಒಮ್ಮೆ ಆ ಮನೆಯ ಹೊಸ್ತಿಲು ದಾಟಿದರೆ, ಮಗಳು ಮುಂದೆ ಯಾವ ಮುಖದಿಂದ ಅಲ್ಲಿ ಒಲೆ ಹೊತ್ತಿಸಬೇಕು? ನಾಲಿಗೆಯನ್ನು ಬಿಗಿಹಿಡಿದು ಶುಕ್ರವಾರದವರೆಗೆ ಬಂದಳು.

ಶುಕ್ರವಾರ ಮಧ್ಯಾಹ್ನ ಗಾರ್ಡ್ ಸಾಹೇಬರು ಬಂದು ಪ್ಲಾಟ್‌ಫಾರಂ ಬೆಂಚಿನಲ್ಲಿ ಅವಳಿಂದ ತುಸು ದೂರದಲ್ಲಿ ಕುಳಿತರು. ಯಾವಾಗಲೂ ಅಷ್ಟು ದೂರ ಕುಳಿತುಕೊಳ್ಳುತ್ತಿರಲಿಲ್ಲ.

"ಅಕ್ಕ, ತಪ್ಪು ತಿಳ್ಕೋಬೇಡಿ. ಕೀಲಿ ನಿಮ್ಮ ಹತ್ರ ಒಂದೇ ಗೊಂಚಲು ಇರೋದು, ಅಲ್ವಾ?"

"ಹೌದು."

"ಯಾರಿಗಾದ್ರೂ ಕೊಟ್ಟಿದ್ರಾ?"

"ಇಲ್ಲ."

"ಹಾಗಾದ್ರೆ ಫಲಕವನ್ನ ವಾರವಾರ ಮುಟ್ಟೋರು ಅಂದ್ರೆ..." ಎಂದು ಅವರು ಮಾತನ್ನು ಅರ್ಧಕ್ಕೆ ಬಿಟ್ಟು ಹಳಿಯಿಲ್ಲದ ದಾರಿಯನ್ನು ನೋಡಿದರು. "ಡಾಕ್ಟರಮ್ಮ ಕೇಳಿದ್ರು, ಅದಕ್ಕೆ ಕೇಳ್ದೆ. ನನಗೇನೂ ಇಲ್ಲಪ್ಪ."

ಟಿಕೆಟಕ್ಕನಿಗೆ ತಾನು ವಾರವಿಡೀ ಮತ್ತೊಬ್ಬರ ಮೇಲೆ ತಿರುಗಿಸಿ ಹಿಡಿದಿದ್ದ ದೀಪ ತನ್ನ ಕಣ್ಣಿಗೇ ಬಿದ್ದಂತಾಯಿತು. ಆ ಬೆಳಕಿನಿಂದ ಪಕ್ಕಕ್ಕೆ ಸರಿಯುವ ಅವಸರದಲ್ಲಿ, ಇಷ್ಟು ದಿನ ಹಲ್ಲುಕಚ್ಚಿ ಹಿಡಿದಿದ್ದ ಮಾತು ಜಾರಿತು.

"ಫಲಕ ಹೊರಗೆ ಹೋಗಿದ್ದು ಒಂದೇ ಸಲ. ಯಾರ ಅಂಗಡಿಗೆ ಹೋಗಿತ್ತು ಅಂತ ನಿಮಗೂ ಗೊತ್ತು."

"ನಿಮ್ಮ ಬೀಗರು ಅಂತೀರಾ?"

"ನಾನು ಯಾರ ಹೆಸರೂ ಹೇಳ್ಲಿಲ್ಲ" ಎಂದಳು ಅವಳು. ಹೆಸರು ಹೇಳಿದ್ದಕ್ಕಿಂತ ಅದು ಸ್ಪಷ್ಟವಾಗಿತ್ತು.

ಶನಿವಾರ ಬೆಳಗ್ಗೆ ಎಲ್ಲರೂ ಫಲಕದ ಮುಂದೆ ಸೇರಿದರು. ಗಾರ್ಡ್ ಸಾಹೇಬರು, ವೈದ್ಯೆ, ಟಿಕೆಟಕ್ಕ. ಬೀಗರು ಎಂದಿನಂತೆ ಹಿಂಬಾಗಿಲಿನಿಂದ ಬಂದರು. ಇಸ್ತ್ರಿಯ ಅಂಗಿ, ಹೆಗಲಲ್ಲಿ ಚೀಲ. ಯಾರೂ ಅವರನ್ನು ಮಾತಾಡಿಸದೆ ಇದ್ದುದನ್ನು ನೋಡಿ ಚೀಲವನ್ನು ಮೆಲ್ಲನೆ ಕೆಳಗಿಟ್ಟರು.

"ಈ ಫಲಕ ಬದಲಾಗಿದೆ ಅಂತ ಡಾಕ್ಟರಮ್ಮನವರ ಅನುಮಾನ" ಎಂದರು ಗಾರ್ಡ್ ಸಾಹೇಬರು, ಪ್ರಯಾಣಿಕರಿಗೆ ಸೂಚನೆ ಕೊಡುವ ದನಿಯಲ್ಲಿ. "ಗೋಡೆಯಿಂದ ಇಳಿಸಿ ನೋಡ್ಬೇಕು. ಕಟ್ಟು ಹಾಕಿದೋರು ನೀವು. ಬಿಚ್ಚೋದೂ ನಿಮ್ಮ ಕೈಲೇ ಆಗ್ಲಿ."

ಬೀಗರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಟಿಕೆಟಕ್ಕನ ಮುಖದ ಮೇಲೆ ಅವರ ನೋಟ ನಿಂತಾಗ ಅವಳು ಗಾಜಿನ ಪೆಟ್ಟಿಗೆಯ ಕೊಡೆಯನ್ನು ನೋಡತೊಡಗಿದಳು. ಬೀಗರು ಅಂಗಿಯ ಎರಡು ತೋಳುಗಳನ್ನೂ ಮೊಣಕೈಯವರೆಗೆ ಮಡಿಸಿದರು. ಅಂಗೈಗಳನ್ನು ಅತ್ತಿತ್ತ ಹೊರಳಿಸಿ, ಎಲ್ಲರಿಗೂ ಕಾಣುವಂತೆ ಒಮ್ಮೆ ತೋರಿಸಿದರು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

ಫಲಕವನ್ನು ಇಳಿಸಿ ಮೇಜಿನ ಮೇಲಿಟ್ಟು ಚೌಕಟ್ಟಿನ ತಿರುಪುಗಳನ್ನು ಬಿಚ್ಚಿದರು. ಫಲಕದ ಅಂಚನ್ನು ಸುತ್ತಲೂ ಬೆರಳಗಲ ಮುಚ್ಚಿದ್ದ ಮರದ ಪಟ್ಟಿಗಳು ಒಂದೊಂದಾಗಿ ಸಡಿಲವಾದವು. ಕೆಳಗಿನ ಪಟ್ಟಿಯನ್ನು ಎತ್ತಿದಾಗ ವೈದ್ಯೆ ಅವರ ಕೈಯನ್ನು ತಡೆದರು.

"ತಡೀರಿ. ಇದೇನಿದು?"

ಪಟ್ಟಿಯ ಕೆಳಗೆ ಮರೆಯಾಗಿದ್ದಷ್ಟು ಹಿತ್ತಾಳೆ ಕಂದಾಗಿ, ದಪ್ಪವಾಗಿ, ಒರಟಾಗಿ ನಿಂತಿತ್ತು. ಅಲ್ಲಿಂದ ಒಳಗೆ, ಬನಿಯನ್ನಿನ ತುಂಡು ಓಡಾಡಿದಲ್ಲೆಲ್ಲ, ತೊರೆಯ ನೀರು ಸವೆಸಿದ ಕಲ್ಲಿನಂತೆ ತಗ್ಗಿ, ತೆಳುವಾಗಿ, ಹೊಳೆಯುತ್ತಿತ್ತು. ಬಲಮೂಲೆಯ ಕಂದು ಅಂಚಿನಲ್ಲಿ, ಮೊಳೆಯಿಂದ ಚುಚ್ಚಿದ ಚುಕ್ಕಿಗಳಲ್ಲಿ, ಕವಲೊಡೆದ ಒಂದು ಪುಟ್ಟ ಬಾಲ ಸ್ಪಷ್ಟವಾಗಿತ್ತು. ಬಾಲ ಹೊಳಪಿನ ಗಡಿಗೆ ಬಂದು ಅಲ್ಲಿಗೆ ನಿಂತಿತ್ತು. ಮುಂದಿನ ಮೀನು ಇರಲಿಲ್ಲ.

ವೈದ್ಯೆ ಬಾಲದ ಮೇಲೆ ಬೆರಳಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. "ಅಪ್ಪನದೇ" ಎಂದರು ಕಡೆಗೆ. ಆಮೇಲೆ, "ಇದನ್ನ ಯಾರು ಉಜ್ತಿದ್ರು? ಯಾವುದರಲ್ಲಿ?"

ಗಾರ್ಡ್ ಸಾಹೇಬರ ಜೇಬಿನಿಂದ ಬಿಳಿಯ ಕರವಸ್ತ್ರದ ತುದಿ ಇಣುಕುತ್ತಿತ್ತು. ಅವರು ಅದನ್ನು ಒಳಕ್ಕೆ ತಳ್ಳಿದರು. "ನಾವೇ. ವಾರವಾರ. ಇಟ್ಟಿಗೆಪುಡಿ, ನಿಂಬೆಹಣ್ಣು. ಎಂಜಿನ್ ಮೇಲೆ ಹಾಗೇ ಮಾಡ್ತಿದ್ವಿ. ಆದ್ರೆ ಅಲ್ಲಿ ಹೊಗೆ ಮಸಿ ಅಷ್ಟು ಹಿಡೀತಿತ್ತು, ಉಜ್ಜಿದ್ರೆ ಮಸಿ ಹೋಗ್ತಿತ್ತು. ಇಲ್ಲಿ..." ಮಸಿಯಿಲ್ಲದ ಕಡೆಯೂ ಮಸಿಗೆ ಬೇಕಾದಷ್ಟು ಉಜ್ಜಿದ್ದರು.

ವೈದ್ಯೆಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ನನ್ನ ಹತ್ರ ಬರೋರಲ್ಲಿ ಅರ್ಧ ಜನ ಹೀಗೇ. ಹಲ್ಲು ಬೆಳ್ಳಗಿರ್ಲಿ ಅಂತ ಉಜ್ಜಿ ಉಜ್ಜಿ ಹಲ್ಲನ್ನೇ ಸವೆಸ್ಕೊಂಡು ಬರ್ತಾರೆ. ಕೇಳಿದ್ರೆ, ಪೇಸ್ಟ್‌ನೋರು ಮೋಸ ಮಾಡಿದ್ರು ಅಂತಾರೆ. ಆ ಪುಡಿ ಡಬ್ಬಿ ಎಲ್ಲಿದೆ? ನನಗೆ ಕೊಟ್ಬಿಡಿ. ಇರೋ ಬಾಲವಾದ್ರೂ ಇರ್ಲಿ. ಮಾಡಿಗೆ ಸೋಮವಾರವೇ ಜನ ಕಳಿಸ್ತೀನಿ."

ಗಾರ್ಡ್ ಸಾಹೇಬರು ಬೀಗರ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. ಬೀಗರು ಮಡಿಸಿದ ತೋಳುಗಳನ್ನು ಇಳಿಸಿ ಗುಂಡಿ ಹಾಕಿಕೊಳ್ಳುತ್ತಿದ್ದರು.

"ಇರ್ಲಿ ಬಿಡಿ ಸಾಹೇಬ್ರೆ. ನಂದೇನೂ ಹೊಸದಲ್ಲ. ಅಂಗಡೀಲಿ ನನ್ನ ಮುಖ ಯಾರೂ ನೋಡಲ್ಲ. ಎಲ್ರೂ ತಕ್ಕಡೀನೇ ನೋಡ್ತಾರೆ, ಎಲ್ಲಿ ಬೆರಳಿಟ್ಟು ಒತ್ತಿಬಿಡ್ತಾನೋ ಅಂತ. ಇಲ್ಲಿ ಬಂದ್ರೆ ಒಂದು ದಿನ ಆ ಕಾಟ ಇಲ್ಲ ಅಂದ್ಕೊಂಡಿದ್ದೆ. ಹಿತ್ತಾಳೆ ಮುಟ್ಟಿದ್ರೆ ಇಲ್ಲೂ ಶುರುವಾಗುತ್ತೆ ಅಂತ ಅದನ್ನೂ ಮುಟ್ಲಿಲ್ಲ." ಚೀಲವನ್ನು ಹೆಗಲಿಗೇರಿಸಿದರು. ಅದರ ಬಾಯಿ ತೆರೆದು ಕೆಳಕ್ಕೆ ಬಾಗಿಸಿ ತೋರಿಸಿದರು: ಮರಗೆಲಸದ ಉಪಕರಣಗಳು, ಒಂದು ಊಟದ ಡಬ್ಬಿ. "ನೋಡಿದ್ರಲ್ಲ ಬೀಗಿತ್ತಿಯವರೇ? ಬರ್ತೀನಿ."

ಅಂದು ಅವರು ಮುಂಬಾಗಿಲಿನಿಂದ ಹೋದರು.

ಆ ಮಾತು ಅವರ ಮನೆಯ ಹೊಸ್ತಿಲನ್ನು ದಾಟಲಿಲ್ಲ. ಮಗಳು ಫೋನಿನಲ್ಲಿ ಎಂದಿನಂತೆಯೇ ಹರಟಿದಳು. ಮಾವನಿಗೆ ಈಚೆಗೆ ಸೊಂಟನೋವಂತೆ, ಶನಿವಾರವೂ ಅಂಗಡಿಯಲ್ಲೇ ಕೂರುತ್ತಾರಂತೆ. ಬೀಗರು ತಮ್ಮ ಅವಮಾನವನ್ನು ತಾವೇ ನುಂಗಿ ಸೊಸೆಯ ನೆಮ್ಮದಿಯನ್ನು ಕಾಪಾಡಿದ್ದರು. ಟಿಕೆಟಕ್ಕನಿಗೆ ಅದು ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಒಂದು ಬೆಳಗ್ಗೆ ಅವಳು ಅವರ ಅಂಗಡಿಗೆ ಹೋದಳು. ಹಳೆಯ ಸೈಕಲ್ಲುಗಳ, ಒಡೆದ ಕುಕ್ಕರುಗಳ ರಾಶಿಯ ನಡುವೆ ಬೀಗರು ಯಾರದೋ ತಾಮ್ರದ ಹಂಡೆಯನ್ನು ತೂಗುತ್ತಿದ್ದರು. ಹಂಡೆ ತಂದವನು ತಕ್ಕಡಿಯ ಮುಳ್ಳಿಗೆ ಕಣ್ಣು ಕೀಲಿಸಿದ್ದ. ಆ ಕಿರಿದಾದ ಕಣ್ಣು, ಮುಂದಕ್ಕೆ ಚಾಚಿದ ಕುತ್ತಿಗೆ. ಕಿಂಡಿಯ ಹಿಂದೆ ತಾನು ಹೇಗೆ ಕುಳಿತಿದ್ದಿರಬೇಕೆಂದು ಟಿಕೆಟಕ್ಕ ಅಂದು ಕಂಡಳು.

"ಬೀಗರೇ, ಎಲ್ರ ಎದುರಿಗೇ ಹೇಳ್ತೀನಿ" ಎಂದಳು. "ನಾನು ನಿಮ್ಮ ಮೇಲೆ ಇಲ್ಲದ ಮಾತು ಹೊರಿಸ್ದೆ. ನನ್ನ ಮೇಲೆ ಬರುತ್ತೆ ಅಂತ ಹೆದರಿ ನಿಮ್ಮ ಮೇಲೆ ಹಾಕ್ದೆ. ಫಲಕ ಹಾಳು ಮಾಡಿದ್ದು ನನ್ನ ಕೈ."

ಹಂಡೆಯವನು ತಕ್ಕಡಿ ಬಿಟ್ಟು ಅವಳನ್ನು ನೋಡಿದ.

"ಸೊಂಟನೋವು" ಎಂದರು ಬೀಗರು.

"ಗೊತ್ತು. ಅದೂ ನಂದೇ ಕೊಡುಗೆ."

ಅವರ ಮೀಸೆ ತುಸು ಅಲುಗಿದಂತಾಯಿತು. ಮತ್ತೆ ತಕ್ಕಡಿಯ ಕಡೆ ತಿರುಗಿದರು. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ಮಾಡಿನ ಕೆಲಸ ಮುಗಿಯುವ ಹೊತ್ತಿಗೆ ಒಂದು ಶನಿವಾರ ಅವರು ಬಂದರು. ಕೋಣೆಯೊಳಗೆ ಕಾಲಿಡದೆ ನೇರವಾಗಿ ಏಣಿ ಹತ್ತಿ, ಕೂಲಿಯವರ ಜೊತೆ ಮಧ್ಯಾಹ್ನದವರೆಗೂ ಹೆಂಚು ಹೊದಿಸಿದರು. ಗಾರ್ಡ್ ಸಾಹೇಬರು ಚಹಾದ ಲೋಟವನ್ನು ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಕಳಿಸಿದರು. ಲೋಟ ಬರಿದಾಗಿ ಇಳಿಯಿತು. ಕೂಲಿಯವರು ಊಟಕ್ಕೆ ಹೋದಮೇಲೆ ಏಣಿಯನ್ನು ಹಿಡಿಯುವವರಿರಲಿಲ್ಲ. ಟಿಕೆಟಕ್ಕ ಬಂದು ಅದರ ಎರಡು ಕಾಲುಗಳನ್ನೂ ಬಿಗಿಯಾಗಿ ಹಿಡಿದು ನಿಂತಳು.

ಬೀಗರು ಮಾಡಿನ ಅಂಚಿಗೆ ಬಂದು ಕೆಳಗೆ ನೋಡಿದರು. ಹಿಡಿದವರು ಯಾರೆಂದು ಕಂಡರು.

"ಗಟ್ಟಿ ಹಿಡ್ಕೊಂಡಿದೀರಾ?"

"ಹಿಡ್ಕೊಂಡಿದೀನಿ."

ಅವರು ತಿರುಗಿ ಬೆನ್ನುಮಾಡಿ, ಮೊದಲ ಮೆಟ್ಟಿಲಿಗೆ ಕಾಲಿಟ್ಟು, ತಮ್ಮ ಭಾರವನ್ನು ಪೂರ್ತಿ ಏಣಿಯ ಮೇಲೆ ಬಿಟ್ಟರು.

ಈ ಕಥೆಯನ್ನು ಓದಿದವರಿಗೂ ಓದಿಸಿ ಕೇಳಿದವರಿಗೂ ಆ ಸರ್ವಸಾಕ್ಷಿಯು ತಿಳಿಯಾದ ಕಣ್ಣನ್ನು ಕೊಡಲಿ. ಅವರ ಮನೆಯ ನಂಟುಗಳು ಸವೆಯದಿರಲಿ. ಅವರು ಇಳಿಯುವ ಏಣಿಯನ್ನು ಹಿಡಿಯಲು ಒಬ್ಬರಾದರೂ ಇರಲಿ, ಅವರು ಹಿಡಿದ ಏಣಿಯಿಂದ ಯಾರೂ ಬೀಳದಿರಲಿ. ಎಲ್ಲರಿಗೂ ಮಂಗಳವಾಗಲಿ.